ಇಳಿದ ಊರಿನಲ್ಲಿ ಇನ್ನೊಂದು ದಿನ



ನ್ಯೂಜಿಲೆಂಡಿನಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ತಿರುಗುವ ಹುಡುಗ ಹುಡುಗಿಯರಿಗೆಂದೇ ಒಂದು ಬಗೆಯ ಬಸ್ಸುಗಳಿವೆ. ಪಾಸು ಒಮ್ಮೆ ಕೊಂಡರಾಯಿತು. ದಾರಿಯಲ್ಲಿ ಮನಸ್ಸಾದ ಊರಿನಲ್ಲಿ ಇಳಿದು, ಬೇಕೆನಿಸಿದಷ್ಟು ದಿನ ಇದ್ದು, ಮುಂದಿನ ಬಸ್ಸಿಗೆ ಸೀಟು ಹೇಳಿಟ್ಟು ಮತ್ತೆ ಹತ್ತಬಹುದು. ಹೋಗುವ ಸ್ವಾತಂತ್ರ್ಯಕ್ಕಿಂತ ಉಳಿಯುವ ಸ್ವಾತಂತ್ರ್ಯ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಸರೋವರದ ದಡದಲ್ಲಿ ಮೋಡ ಕವಿದಿದ್ದರೆ, ಅದು ಸರಿಯುವವರೆಗೆ ಕಾಯಬಹುದಲ್ಲ!

ಇಂಥ ಬಸ್ಸಿನಲ್ಲಿ ಆ ದೇಶದ ದಕ್ಷಿಣ ದ್ವೀಪದ ಮಿಲ್‌ಫರ್ಡ್ ಸೌಂಡ್ ಎಂಬ ಕಡಲ ಚಾಚಿಗೆ ಹೋಗುವಾಗ ಹೋಮರ್ ಸುರಂಗ ಸಿಗುತ್ತದೆ. 1935ರಲ್ಲಿ, ಕೆಲಸವಿಲ್ಲದೆ ಕಂಗಾಲಾಗಿದ್ದ ಜನ ಗುದ್ದಲಿ, ತಳ್ಳುಗಾಡಿ ಹಿಡಿದು ಅಲ್ಲಿ ದುಡಿಯತೊಡಗಿದರು. ಹಿಮಕುಸಿತಕ್ಕೆ ಸಿಕ್ಕಿ ಕೆಲವರು ಜೀವ ತೆತ್ತರು. ಸುರಂಗ ವಾಹನಗಳಿಗೆ ತೆರೆದದ್ದು 1954ರಲ್ಲಿ. ಸುಮಾರು 1.2 ಕಿಲೋಮೀಟರ್ ಉದ್ದದ ಆ ಕತ್ತಲೆಯನ್ನು ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಆ ನಿಮಿಷಗಳಲ್ಲಾದರೂ ಅಲ್ಲಿ ದುಡಿದವರನ್ನು ನೆನೆಯಬೇಕು.

ನನಗೆ ಬಹಳ ಇಷ್ಟವಾದದ್ದು ಈ ಪಯಣಿಗರು ತಂಗುವ ಹಾಸ್ಟೆಲುಗಳ ಅಡುಗೆಮನೆ. ಅನೇಕ ಕಡೆ ಗೋಡೆಗೆ ಒಂದು ಕಪಾಟು ಇರುತ್ತದೆ. ಊರು ಬಿಡುವವರು ಉಳಿದ ಅಕ್ಕಿ, ಉಪ್ಪು, ಅರ್ಧ ಸೀಸೆ ಎಣ್ಣೆ ಅದರಲ್ಲಿಟ್ಟು ಹೋಗುತ್ತಾರೆ. ಯಾರಿಗೆ ಎಂಬ ಹೆಸರಿಲ್ಲ. ಚೀಲದ ಭಾರ ಇಳಿಸಿಕೊಳ್ಳಲೆಂದೇ ಇಟ್ಟಿರಬಹುದು, ನಿಜ. ಆದರೆ ಮಳೆಯಲ್ಲಿ ನೆನೆದು, ಅಂಗಡಿ ಮುಚ್ಚಿದ ಮೇಲೆ ಬಂದಿಳಿದ ಹುಡುಗಿಗೆ ಅದೇ ರಾತ್ರಿಯ ಬಿಸಿ ಅನ್ನ. ಎರಡು ದಿನ ಕಳೆದು ಹೊರಡುವ ಬೆಳಿಗ್ಗೆ ಅವಳೂ ಅರ್ಧ ಪೊಟ್ಟಣ ಸಕ್ಕರೆಯನ್ನು ಅದೇ ಕಪಾಟಿನಲ್ಲಿಟ್ಟು ಬಸ್ಸಿನತ್ತ ಓಡುತ್ತಾಳೆ.