ಯುದ್ಧವಿಮಾನದಿಂದ ಬಾಹ್ಯಾಕಾಶಕ್ಕೆ



ಮಡಿಕೇರಿಯ ವೃತ್ತವೊಂದರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯನ್ನು ನೀವು ನೋಡಿರುತ್ತೀರಿ. ವಾಯುಪಡೆಯಲ್ಲಿ ಹಾರಾಟ ಕಲಿಸುತ್ತಿದ್ದ ಗುರು ಅವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದಾಗ, ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನ ಅವರ ಮಿಸ್ಟೇರ್ ವಿಮಾನದ ಮೇಲೆ ಎರಗಿತು. ಪೆಟ್ಟು ತಿಂದ ವಿಮಾನದಲ್ಲೇ ಕಾದಾಡಿ ಅವರು ಅದನ್ನು ಕೆಡವಿದರು. ತಾವು ಮರಳಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ಯುದ್ಧವಿಮಾನದ ಅದೇ ಆಸನದಿಂದ ಬಾಹ್ಯಾಕಾಶಕ್ಕೂ ಒಂದು ದಾರಿಯಿದೆ. 1961ರಲ್ಲಿ ಮೊತ್ತಮೊದಲು ಅಲ್ಲಿಗೆ ಹೋದ ಯೂರಿ ಗಗಾರಿನ್ ಸೋವಿಯತ್ ವಾಯುಪಡೆಯ ಪೈಲಟ್. ಅಮೆರಿಕ 1959ರಲ್ಲಿ ಆರಿಸಿದ ಮೊದಲ ಏಳು ಮಂದಿಯೂ ಸೇನೆಯ ಪರೀಕ್ಷಾ ಪೈಲಟ್‌ಗಳು. ಇವರನ್ನೇ ಏಕೆ ಆರಿಸಿದರು? ಪರೀಕ್ಷಾ ಪೈಲಟ್ ಹೊಸ ವಿಮಾನದ ತಾಕತ್ತನ್ನು ಅಳೆಯುವವನು. ಮೈಯೆಲ್ಲ ಹಲವು ಪಟ್ಟು ಭಾರವಾದಾಗಲೂ ಮೀಟರುಗಳ ಮೇಲೆ ಕಣ್ಣಿಟ್ಟು, ಕ್ಷಣದಲ್ಲಿ ನಿರ್ಧರಿಸಿ, ಇಳಿದ ಮೇಲೆ ನಡೆದದ್ದನ್ನು ಇಂಜಿನಿಯರುಗಳಿಗೆ ಚಾಚೂ ತಪ್ಪದೆ ಹೇಳಬೇಕು. ಗಗನಯಾತ್ರಿಯ ಕೆಲಸವೂ ಅದೇ.

ನಮ್ಮ ರಾಕೇಶ್ ಶರ್ಮಾ ನಡೆದದ್ದು ಈ ದಾರಿಯಲ್ಲೇ. 1970ರಲ್ಲಿ ವಾಯುಪಡೆ ಸೇರಿದರು. 1971ರ ಯುದ್ಧದಲ್ಲಿ ಮಿಗ್-21ರಲ್ಲಿ 21 ಬಾರಿ ಹಾರಿದರು. ಆಮೇಲೆ ಪರೀಕ್ಷಾ ಪೈಲಟ್ ಆದರು. 1982ರಲ್ಲಿ ವಾಯುಪಡೆಯ ಮತ್ತೊಬ್ಬ ಪೈಲಟ್ ರವೀಶ್ ಮಲ್ಹೋತ್ರಾ ಅವರೊಂದಿಗೆ ಬಾಹ್ಯಾಕಾಶ ಯಾನಕ್ಕೆ ಆಯ್ಕೆಯಾಗಿ, ಮಾಸ್ಕೋ ಬಳಿಯ ಸ್ಟಾರ್ ಸಿಟಿಯಲ್ಲಿ ರಷ್ಯನ್ ಭಾಷೆಯಿಂದ ಹಿಡಿದು ಎಲ್ಲವನ್ನೂ ಕಲಿತರು. 1984ರ ಏಪ್ರಿಲ್ 3ರಂದು ಸೋಯುಜ್ ನೌಕೆ ಏರಿದ ಅವರು ಸುಮಾರು ಎಂಟು ದಿನ ಬಾಹ್ಯಾಕಾಶದಲ್ಲಿದ್ದರು.

ಇಂದು ಈ ದಾರಿ ನಮ್ಮ ಬೆಂಗಳೂರಿನ ಮೂಲಕವೇ ಹಾದುಹೋಗುತ್ತದೆ. ಪರೀಕ್ಷಾ ಪೈಲಟ್‌ಗಳ ಶಾಲೆ, ಗಗನಯಾತ್ರಿಗಳ ಆರೋಗ್ಯ ಪರೀಕ್ಷಿಸುವ ವಾಯುಪಡೆಯ ವೈದ್ಯಕೀಯ ಸಂಸ್ಥೆ, ಇಸ್ರೋದ ತರಬೇತಿ ಕೇಂದ್ರ ಮೂರೂ ಅಲ್ಲಿವೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಭಾರತದ ಯೋಜನೆಯಾದ ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ಅವರಲ್ಲಿ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹೊರಟು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು, ಜುಲೈ 15ರಂದು ಮರಳಿದರು.

ಕೊಡಗಿನ ಮಕ್ಕಳಿಗೆ ಧೈರ್ಯವನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಈ ದಾರಿ ಧೈರ್ಯವೊಂದನ್ನೇ ಕೇಳುವುದಿಲ್ಲ, ವರ್ಷಗಟ್ಟಲೆ ಕಲಿಯುವ ತಾಳ್ಮೆಯನ್ನೂ ಕೇಳುತ್ತದೆ. ಆ ಕಲಿಕೆ ಶುರುಮಾಡಲು ಕೊಡಗಿನ ಕೂಡಿಗೆಯಲ್ಲೇ 2007ರಿಂದ ಸೈನಿಕ ಶಾಲೆಯಿದೆ. ತಂದೆತಾಯಂದಿರೇ, ವಿಮಾನದ ಸದ್ದು ಕೇಳಿ ಅಂಗಳಕ್ಕೆ ಓಡುವ ಮಗುವನ್ನು ಗದರಬೇಡಿ. ದೇವಯ್ಯನವರ ಕಥೆ ಹೇಳಿ, ಗಣಿತದ ಪುಸ್ತಕವನ್ನೂ ಕೈಗೆ ಕೊಡಿ.