ಉಪಾಹಾರಗೃಹದಲ್ಲಿ ಓದುಕೂಟ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶಾಲೆಯ ಉತ್ಸವದಲ್ಲಿ ಪುಸ್ತಕದ ಮಹಿಮೆಯನ್ನು ಕೊಂಡಾಡುವುದು ವಾಡಿಕೆ. ನಾವು ಇಂದು ಪುಸ್ತಕದೊಡನೆ ಚಹದ ಮಾತನ್ನೂ ಆಡಬೇಕೆಂದಿದ್ದೇವೆ. ನಮ್ಮ ದುಧನಿಯಲ್ಲಿ ತಿಂಗಳಿಗೊಂದು ದಿನ, ಒಂದು ಉಪಾಹಾರಗೃಹದಲ್ಲಿ, ಮಕ್ಕಳೂ ಹಿರಿಯರೂ ಕೂಡಿ ಕುಳಿತು ಒಂದು ಕನ್ನಡ ಪುಸ್ತಕವನ್ನು ಓದುವ ಕೂಟವು ಏರ್ಪಡತಕ್ಕುದು ಎಂಬುದೇ ನಮ್ಮ ಸೂಚನೆ. ಇದನ್ನು ಕೇಳಿ ಕೆಲವರು ನಕ್ಕಾರು, ಕೆಲವರು, “ಮಕ್ಕಳನ್ನು ಹೊಟೇಲಿಗೆ ಕಳಿಸಬೇಕೆ?” ಎಂದು ಹುಬ್ಬು ಗಂಟಿಕ್ಕಿಯಾರು. ಇಬ್ಬರಿಗೂ ಉತ್ತರ ಹೇಳುವುದು ನಮ್ಮ ಕರ್ತವ್ಯ.

ಮೊದಲು ಇದರ ಆವಶ್ಯಕತೆಯನ್ನು ವಿಚಾರಿಸೋಣ. ನಮ್ಮ ಊರಿನಲ್ಲಿ ಕನ್ನಡವು ಮನೆಯಲ್ಲಿ ಉಂಟು, ಹೊಲದಲ್ಲಿ ಉಂಟು, ಅಡತಿಯ ಅಂಗಡಿಯಲ್ಲಿ ಉಂಟು. ನಾಡಿನ ರಾಜಭಾಷೆ ಮರಾಠಿ. ಅದನ್ನು ನಾವು ಗೌರವದಿಂದ ಕಲಿಯುತ್ತೇವೆ, ಕಲಿಯಲೂಬೇಕು. ಇಂಗ್ಲಿಷು ಉದ್ಯೋಗದ ಬಾಗಿಲನ್ನು ತೆರೆಯುವುದರಿಂದ ಅದನ್ನೂ ಬಿಡಲಾಗದು. ಆದರೆ ಹತ್ತನೆಯ ತರಗತಿ ಮುಗಿದೊಡನೆ ನಮ್ಮ ಬಹುಮಂದಿ ಮಕ್ಕಳಿಗೆ ಕನ್ನಡ ಅಕ್ಷರವನ್ನು ಕಣ್ಣೆತ್ತಿ ನೋಡುವ ಸಂದರ್ಭವೇ ಬರುವುದಿಲ್ಲ. ಪಠ್ಯಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿದ ದಿನವೇ ಓದಿಗೂ ಬೀಗ ಬೀಳುತ್ತದೆ. ಮಾತು ನಾಲಗೆಯ ಮೇಲೆ ಉಳಿಯುತ್ತದೆ, ನಿಜ. ಆದರೆ ಓದದ ಮಾತು ವರ್ಷ ವರ್ಷಕ್ಕೂ ಸಣ್ಣದಾಗುತ್ತದೆ. ಊಟ, ಹಣ, ಮಳೆ, ಬೆಳೆ, ಇವಿಷ್ಟಕ್ಕೆ ಸಾಕಾಗುವಷ್ಟು ಕನ್ನಡ ಉಳಿದು, ದುಃಖವನ್ನು ವಿಚಾರಿಸಲು, ನ್ಯಾಯವನ್ನು ಚರ್ಚಿಸಲು ಬೇಕಾದ ಕನ್ನಡ ಮರೆತುಹೋಗುತ್ತದೆ. ಹತ್ತು ವರ್ಷ ಶ್ರಮಪಟ್ಟು ಶಾಲೆ ಕಲಿಸಿದ ಅಕ್ಷರವು ಹದಿನಾರನೆಯ ವಯಸ್ಸಿಗೆ ಬತ್ತಿಹೋದರೆ, ಆ ಶ್ರಮಕ್ಕೆ ಫಲವೇನು? ಶಾಲೆಯ ಗೋಡೆಯಾಚೆಗೂ ಓದಿಗೆ ಒಂದು ನೆಲೆ ಬೇಕು, ಒಂದು ನಿಶ್ಚಿತವಾದ ದಿನ ಬೇಕು.

“ನಮ್ಮಂಥ ಗಡಿಯ ಊರಿನಲ್ಲಿ ಇದೆಲ್ಲ ಆಗುವ ಮಾತೇ?” ಎಂದು ಸಂದೇಹಪಡುವವರು ನಮ್ಮ ನೆರೆಯನ್ನೇ ನೋಡಬಹುದು. ಭೀಮಾನದಿಯ ಆಚೆಗೆ, ಇಂದಿನ ವಿಜಯಪುರ ಜಿಲ್ಲೆಯಲ್ಲಿ, ಹಲಸಂಗಿಯೆಂಬ ಹಳ್ಳಿಯಿದೆ. ಅಲ್ಲಿ ಕಾಲೇಜಿರಲಿಲ್ಲ, ಛಾಪಖಾನೆಯಿರಲಿಲ್ಲ. ಮುಲ್ಕಿ ಪರೀಕ್ಷೆಯವರೆಗೆ ಓದಿದ ಒಬ್ಬ ತರುಣ, ತನ್ನಷ್ಟಕ್ಕೆ ತಾನೇ ಇಂಗ್ಲಿಷು ಕಲಿತು, ಕವಿಯಾಗಿ, ಮಧುರಚೆನ್ನರೆಂದು ಹೆಸರಾದರು (1903–1953). ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಸಂಗಡಿಗರು ಅವರೊಡನೆ ಕೂಡಿದರು. ಇವರನ್ನೇ ನಾಡು ‘ಹಲಸಂಗಿಯ ಗೆಳೆಯರು’ ಎಂದು ಕರೆಯಿತು. ಬೀಸುವಾಗ, ಕುಟ್ಟುವಾಗ, ಮಗುವನ್ನು ತೂಗುವಾಗ ಹಳ್ಳಿಯ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಇವರು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಹೊರಬಂದಾಗ, ಅಕ್ಷರವರಿಯದ ತಾಯಂದಿರ ಬಾಯಲ್ಲಿ ಎಂಥ ಸಂಪತ್ತಿದೆಯೆಂಬುದು ವಿದ್ವಾಂಸರಿಗೂ ತಿಳಿದುಬಂತು. ಶಿಕ್ಷಕ ವೃತ್ತಿಯಲ್ಲಿದ್ದ ಸಿಂಪಿ ಲಿಂಗಣ್ಣನವರೇ ಮುಂದೆ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಷ್ಟಕ್ಕೆಲ್ಲ ಮೂಲಧನ ಯಾವುದು? ನಾಲ್ಕಾರು ಜನ ಗೆಳೆಯರು ಕೂಡಿ ಕುಳಿತು ಓದಿದ್ದು, ಕೇಳಿದ್ದು, ಅಷ್ಟೇ.

ಧಾರವಾಡದಲ್ಲಿಯೂ ಇದೇ ಕಥೆ. ಅದೇ ಕಾಲದಲ್ಲಿ ಅಲ್ಲಿ ದ. ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿತು. ಗೋಕಾಕ, ಮುಗಳಿ, ಆನಂದಕಂದರಂಥವರು ಅದರಲ್ಲಿ ಬೆಳೆದರು. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವು ಎಷ್ಟೋ ಲೇಖಕರಿಗೆ ಕಲಿಯುವ, ವಾದಿಸುವ ಚಾವಡಿಯಾಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಈ ಮಾಲೆಯೇ.

ಇನ್ನು ಸೊಲ್ಲಾಪುರವಂತೂ ನಮ್ಮ ಮನೆಯ ಅಂಗಳ. ನಮ್ಮ ನಿಲ್ದಾಣದ ಮೇಲೆ ಹಾಯುವ ರೈಲು ದಾರಿಯ ಒಂದು ಕಡೆ ಸೊಲ್ಲಾಪುರ, ಮತ್ತೊಂದು ಕಡೆ ಕಲಬುರಗಿ. ಕನ್ನಡ ಸಾಹಿತ್ಯ ಸಮ್ಮೇಳನವು 1949ರಲ್ಲಿ ಕಲಬುರಗಿಯಲ್ಲಿಯೂ, ಅದರ ಮರುವರ್ಷವೇ, 1950ರಲ್ಲಿ, ಸೊಲ್ಲಾಪುರದಲ್ಲಿಯೂ ನೆರೆಯಿತು. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಅವರ ಮನೆಮಾತು ಮರಾಠಿ. ಕೃತಿರಚನೆಗೆ ಅವರು ಹಿಡಿದದ್ದು ಮುಖ್ಯವಾಗಿ ಕನ್ನಡ. ಅದೇ ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಸ್ವಂತ ಹಟದಿಂದ ಸಾಧಿಸಿ ‘ಶ್ರೀ ಸಿದ್ಧರಾಮ ಪುರಾಣ’ವನ್ನು ರಚಿಸಿದರು, ವಚನಗಳನ್ನು ಮರಾಠಿಗೂ ಮುಟ್ಟಿಸಿದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ, ಆ ಪೀಠವನ್ನೇರಿದ ಮೊದಲ ಮಹಿಳೆ ಅವರಾದರು. ಒಂದು ಭಾಷೆಯನ್ನು ಪ್ರೀತಿಸುವುದಕ್ಕೆ ಮತ್ತೊಂದನ್ನು ದ್ವೇಷಿಸಬೇಕಿಲ್ಲವೆಂಬುದಕ್ಕೆ ಈ ಇಬ್ಬರಿಗಿಂತ ಹೆಚ್ಚಿನ ಸಾಕ್ಷಿ ಬೇಕೆ?

ಕೂಟವು ಬೇಕೆಂಬುದನ್ನು ನೀವು ಒಪ್ಪಬಹುದು. ಉಪಾಹಾರಗೃಹವೇ ಏಕೆ ಎಂದು ಕೇಳಬಹುದು. ಶಾಲೆಯಲ್ಲಿ ಕೂಡಿದರೆ ಮಕ್ಕಳಿಗೆ ಪರೀಕ್ಷೆಯ ಅಂಜಿಕೆ, ಓದು ಬಿಟ್ಟ ಹಿರಿಯರಿಗೆ ಸಂಕೋಚ. ಮಠದಲ್ಲಿ ಶ್ರಾವಣಮಾಸದ ಪುರಾಣ ಪ್ರವಚನಗಳನ್ನು ನಾವು ಕೈಮುಗಿದು ಕೇಳುತ್ತೇವೆ; ನಡುವೆ ಎದ್ದು ಪ್ರಶ್ನೆ ಮಾಡುವುದು ಅಲ್ಲಿಯ ಪದ್ಧತಿಯಲ್ಲ. ಒಬ್ಬರ ಮನೆಯಲ್ಲಿ ಕೂಡಿದರೆ ಆ ಮನೆಯ ಗೃಹಿಣಿಗೆ ಒಲೆಯ ಮುಂದಿನ ದುಡಿಮೆ; ಅವಳಿಗೆ ಓದೂ ಇಲ್ಲ, ಮಾತೂ ಇಲ್ಲ. ಉಪಾಹಾರಗೃಹದಲ್ಲಿ ಹಾಗಲ್ಲ. ಅಲ್ಲಿ ಯಾರೂ ಯಜಮಾನರಲ್ಲ, ಯಾರೂ ಅತಿಥಿಗಳಲ್ಲ. ಅವರವರ ಚಹಕ್ಕೆ ಅವರವರು ಹಣ ಕೊಟ್ಟು ಸರಿಸಮನಾಗಿ ಕುಳಿತುಕೊಳ್ಳುತ್ತಾರೆ.

ಈ ‘ಸರಿಸಮ’ವೆಂಬ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಒಂದು ಕಾಲಕ್ಕೆ ನಮ್ಮ ನಾಡಿನ ಎಷ್ಟೋ ಖಾನಾವಳಿಗಳಲ್ಲಿ ಜಾತಿಗೊಂದು ಪಂಕ್ತಿಯಿತ್ತು. ಕೆಲವರಿಗೆ ಬಾಗಿಲ ಹೊರಗೆ ಬೇರೆ ಲೋಟವಿತ್ತು. ಇನ್ನು ಕೆಲವರಿಗೆ ಅದೂ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ, ಧರ್ಮ, ಜಾತಿ, ಲಿಂಗ ಮೊದಲಾದವುಗಳ ನೆವದಿಂದ ಯಾವ ನಾಗರಿಕನಿಗೂ ಅಂಗಡಿ, ಉಪಾಹಾರಗೃಹ, ಹೊಟೇಲುಗಳ ಪ್ರವೇಶವನ್ನು ತಡೆಯಲಾಗದೆಂದು ವಿಧಿಸಿದೆ. ರಾಷ್ಟ್ರದ ಮೂಲಶಾಸನದಲ್ಲಿ ಚಹದಂಗಡಿಯಂಥ ಸ್ಥಳದ ಪ್ರಸ್ತಾಪ ಬರಬೇಕಾದರೆ, ಆ ಮೇಜಿನ ಮುಂದೆ ಕುಳಿತುಕೊಳ್ಳುವ ಹಕ್ಕು ಎಷ್ಟು ದೊಡ್ಡದೆಂಬುದನ್ನು ಯೋಚಿಸಿರಿ. ಆ ಮೇಜಿನ ಸುತ್ತ ಎಲ್ಲ ಓಣಿಗಳ ಮಕ್ಕಳೂ ಒಟ್ಟಿಗೆ ಕುಳಿತು, ಹೊಲವನ್ನು ಪಡೆಯಲಾಗದೆ ನೊಂದ ಚೋಮನ ಕಥೆಯನ್ನು, ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು, ಗಟ್ಟಿಯಾಗಿ ಓದಿದರೆ, ಸಂವಿಧಾನದ ಆ ವಾಕ್ಯಕ್ಕೆ ನಮ್ಮ ಊರಿನಲ್ಲಿ ಜೀವ ಬಂದಂತಾಗುತ್ತದೆ.

ಹೊರದೇಶಗಳ ಇತಿಹಾಸವೂ ನಮ್ಮ ಪಕ್ಷದಲ್ಲಿದೆ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟು ಕಾಫಿ ಕುಡಿದವನು ಅಲ್ಲಿಯ ವಾರ್ತಾಪತ್ರಗಳನ್ನು ಓದಬಹುದಾಗಿತ್ತು, ಪಂಡಿತರ ಚರ್ಚೆಯನ್ನು ಕೇಳಬಹುದಾಗಿತ್ತು. ಆದ್ದರಿಂದ ಕಾಫಿಯ ಅಂಗಡಿಗಳಿಗೆ ‘ಪೆನ್ನಿಯ ವಿಶ್ವವಿದ್ಯಾಲಯ’ವೆಂಬ ಹೆಸರೇ ಬಂತು. ಜನರು ಕೂಡಿ ವಿಚಾರಮಾಡುವುದಕ್ಕೆ ಬೆದರಿದ ಎರಡನೆಯ ಚಾರ್ಲ್ಸ್ ದೊರೆ 1675ರಲ್ಲಿ ಅವನ್ನು ಮುಚ್ಚಿಸಲು ಆಜ್ಞೆ ಹೊರಡಿಸಿ, ಪ್ರಜೆಗಳ ವಿರೋಧವನ್ನು ಕಂಡು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡನು. ನಮ್ಮಲ್ಲಿಯೂ ಐವತ್ತರ ದಶಕದಲ್ಲಿ ಮೈಸೂರಿನ ಕಾಫಿ ಹೌಸಿನಲ್ಲಿ ಕವಿ ಗೋಪಾಲಕೃಷ್ಣ ಅಡಿಗರೊಡನೆ ಕುಳಿತು ವಾದಿಸುತ್ತಿದ್ದ ತರುಣರಲ್ಲಿ ಯು. ಆರ್. ಅನಂತಮೂರ್ತಿಯವರೂ ಒಬ್ಬರು. ಲಂಡನ್ನಿನ ಆ ಅಂಗಡಿಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು: ಚರ್ಚೆಯ ಮೇಜು ಗಂಡಸರದೇ ಆಗಿತ್ತು. ಆ ಕೊರತೆಯನ್ನು ನಾವು ಅನುಕರಿಸತಕ್ಕುದಲ್ಲ. ನಮ್ಮ ಕೂಟಕ್ಕೆ ತಾಯಂದಿರೂ ಹೆಣ್ಣುಮಕ್ಕಳೂ ಬಾರದಿದ್ದರೆ, ಅದು ಆರಂಭವಾಗದಿರುವುದೇ ಲೇಸು.

ಈಗ ಹುಬ್ಬು ಗಂಟಿಕ್ಕಿದ ಹಿರಿಯರಿಗೆ ಉತ್ತರ. ಮಕ್ಕಳು ಒಬ್ಬೊಬ್ಬರೇ ಹೊಟೇಲಿನಲ್ಲಿ ಹರಟೆ ಕೊಚ್ಚುತ್ತ ಕುಳಿತುಕೊಳ್ಳುವುದು ನಮಗೂ ಸಮ್ಮತವಲ್ಲ. ನಾವು ಹೇಳುವುದು ತಾಯಿ ತಂದೆ, ಅಜ್ಜ ಅಜ್ಜಿಯರೊಡನೆ ಅವರು ಬರುವ ಮಾತನ್ನು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹದ ಗದ್ದಲ ಆರಂಭವಾಗುವುದರೊಳಗೆ, ಮೂರು ಗಂಟೆಯ ಸುಮಾರಿಗೆ, ಯಾವ ಉಪಾಹಾರಗೃಹದಲ್ಲಿಯೂ ಮೇಜುಗಳು ಖಾಲಿಯಿರುತ್ತವೆ. ಇಪ್ಪತ್ತು ಜನ ಬಂದು ಚಹ, ಭಜಿ, ಸುಸಲಾ ತೆಗೆದುಕೊಂಡರೆ ಮಾಲಕರಿಗೂ ನಷ್ಟವಿಲ್ಲ. ದಿನವನ್ನು ಕುರಿತು ಹೇಳುವುದಾದರೆ, ಅಮಾವಾಸ್ಯೆಯೇ ಅನುಕೂಲವೆಂದು ನಮಗೆ ತೋರುತ್ತದೆ. ಅಂದು ನಮ್ಮ ರೈತರು ಎತ್ತು ಹೂಡುವುದಿಲ್ಲ. ಗಳೆಗೆ ಬಿಡುವಿದ್ದಂತೆ ಒಕ್ಕಲಿಗನಿಗೂ ಬಿಡುವು. ತಿಥಿಯು ಎಲ್ಲರ ನೆನಪಿನಲ್ಲಿರುವುದರಿಂದ ಡಂಗುರ ಹೊಡೆಸುವ ಕಾರಣವೂ ಇಲ್ಲ. ಅಮಾವಾಸ್ಯೆಯು ಶಾಲೆಯ ದಿನದಂದು ಬಂದರೆ ಕೂಟವನ್ನು ಶಾಲೆ ಬಿಟ್ಟ ಮೇಲೆ ಆರಂಭಿಸಬಹುದು.

ನಿಯಮಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ತಿಂಗಳಿಗೊಂದೇ ಪುಸ್ತಕ, ಅದೂ ಚಿಕ್ಕದು. ಎಲ್ಲರೂ ಕೊಂಡುಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಎರಡು ಪ್ರತಿಗಳು ಕೈಯಿಂದ ಕೈಗೆ ಹೋದರೆ ಸಾಕು. ಕೂಟದ ದಿನ ಒಬ್ಬ ವಿದ್ಯಾರ್ಥಿಯು ಆಯ್ದ ಭಾಗವನ್ನು ಅರ್ಧ ಗಂಟೆ ಗಟ್ಟಿಯಾಗಿ, ಸ್ಪಷ್ಟವಾಗಿ ಓದಬೇಕು. ಇದು ಬಹು ಮುಖ್ಯವಾದ ನಿಯಮ. ಏಕೆಂದರೆ ನಮ್ಮ ತಾಯಿತಂದೆಗಳಲ್ಲಿ ಅಕ್ಷರ ಕಲಿಯದವರುಂಟು. ಮರಾಠಿ ಶಾಲೆಯಲ್ಲಿ ಕಲಿತು ಕನ್ನಡ ಅಕ್ಷರದ ಪರಿಚಯವಿಲ್ಲದವರೂ ಉಂಟು. ಒಬ್ಬನು ಓದಿ ಊರೇ ಕೇಳುವುದು ನಮ್ಮ ಪುರಾತನ ಪದ್ಧತಿ. ಆ ಪದ್ಧತಿಯಲ್ಲಿ ಓದಬಲ್ಲವನಿಗೂ ಕೇಳಬಲ್ಲವನಿಗೂ ಭೇದವಿಲ್ಲ. ಓದು ಮುಗಿದ ಬಳಿಕ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಕೇಳಬೇಕು, ಭಾಷಣ ಮಾಡಕೂಡದು. ಮೊಬೈಲು ಜೇಬಿನಿಂದ ಹೊರಗೆ ಬರಕೂಡದು. ಆಗಾಗ ಒಂದು ಮರಾಠಿ ಪುಸ್ತಕವನ್ನೂ ಓದಿ, ಅದರ ಸಾರವನ್ನು ಕನ್ನಡದಲ್ಲಿ ಚರ್ಚಿಸಬಹುದು. ನೆರೆಯವರನ್ನೂ ಆ ದಿನ ಕರೆಯಬಹುದು.

ಮೊದಲ ಪುಸ್ತಕ ಯಾವುದಾಗಬೇಕು? ನಮ್ಮ ಅಭಿಪ್ರಾಯದಲ್ಲಿ ‘ಗರತಿಯ ಹಾಡು’. ಅದನ್ನು ವಿದ್ಯಾರ್ಥಿಯೊಬ್ಬನು ಓದತೊಡಗಿದಾಗ ಮೂಲೆಯಲ್ಲಿ ಕುಳಿತ ಅಜ್ಜಿಯೊಬ್ಬರು, “ತಮ್ಮಾ, ನಮ್ಮ ಕಡೆ ಅದನ್ನು ಹಾಗೆ ಹಾಡುವುದಿಲ್ಲ” ಎಂದು ತಡೆದು, ತಾವು ಬಲ್ಲ ಪಾಠವನ್ನು ಹೇಳಬಹುದು. ಆ ಕ್ಷಣದಲ್ಲಿ ಅಕ್ಷರವರಿಯದ ಅಜ್ಜಿಯೇ ಕೂಟದ ಪಂಡಿತೆ. ಪುಸ್ತಕ ಹಿಡಿದ ಮೊಮ್ಮಗನು ಅವಳ ಶಿಷ್ಯ. ಅವನು ಆ ಪಾಠವನ್ನು ತನ್ನ ವಹಿಯಲ್ಲಿ ಬರೆದುಕೊಳ್ಳಲಿ. ಹಲಸಂಗಿಯ ಗೆಳೆಯರು ಮಾಡಿದ ಕೆಲಸವೂ ಇದೇ ಅಲ್ಲವೇ? ನಮ್ಮ ಅಜ್ಜಿಯರ ಬಾಯಲ್ಲಿರುವ ಹಾಡುಗಳು ಅವರೊಡನೆಯೇ ಮಣ್ಣಾಗುವ ಮುನ್ನ ಬರೆದಿಟ್ಟುಕೊಳ್ಳುವ ಕೈಗಳು ಬೇಕು. ಆ ಕೈಗಳಿಗೆ ಅಕ್ಷರ ಕಲಿಸಿದ್ದು ಈ ಶಾಲೆ.

ತಂದೆತಾಯಿಗಳೇ, “ಕನ್ನಡ ಓದಿದರೆ ನೌಕರಿ ಸಿಕ್ಕೀತೇ?” ಎಂದು ನೀವು ಕೇಳುವುದು ಅನ್ಯಾಯವಲ್ಲ, ಹೊಟ್ಟೆಯ ಚಿಂತೆ ಎಲ್ಲರಿಗೂ ಉಂಟು. ಓದುಕೂಟವು ನೌಕರಿ ಕೊಡಿಸುತ್ತದೆಂದು ನಾವು ಆಶ್ವಾಸನೆ ಕೊಡಲಾರೆವು. ಆದರೆ ನಾಲ್ಕು ಜನರ ಮುಂದೆ ಅಂಜದೆ ಓದುವುದು, ತಾಳ್ಮೆಯಿಂದ ಕೇಳುವುದು, ಒಪ್ಪದ ಮಾತನ್ನು ಮನನೋಯದಂತೆ ಅಲ್ಲಗಳೆಯುವುದು, ಈ ಮೂರು ಗುಣಗಳು ಯಾವ ಭಾಷೆಯ ಕಚೇರಿಯಲ್ಲಿಯೂ ಬೇಡವಾಗುವುದಿಲ್ಲ. ಅದಕ್ಕಿಂತ ಹೆಚ್ಚಿನದೊಂದು ಲಾಭವಿದೆ. ಪುಣೆಗೋ ಮುಂಬಯಿಗೋ ದುಡಿಯಲು ಹೋದ ನಿಮ್ಮ ಮಗನು ಅಥವಾ ಮಗಳು ಒಂದು ಕನ್ನಡ ಪುಸ್ತಕವನ್ನು ಬಿಚ್ಚಿ ಓದಬಲ್ಲರಾದರೆ, ನೀವು ಬಾಳಿದ ಬಾಳು ಅವರಿಗೆ ಪರಕೀಯವಾಗುವುದಿಲ್ಲ.

ವಿದ್ಯಾರ್ಥಿಗಳೇ, ಇದಕ್ಕೆ ಕಟ್ಟಡ ಬೇಕಿಲ್ಲ, ವಂತಿಗೆ ಬೇಕಿಲ್ಲ, ಫಲಕವೂ ಬೇಕಿಲ್ಲ. ಒಂದು ಮೇಜು, ಒಂದು ಪುಸ್ತಕ, ಒಂದು ದಿನ ಸಾಕು. ಮೊದಲ ತಿಂಗಳು ಐವರೇ ಬಂದರೂ ಎದೆಗುಂದಬೇಡಿರಿ. ಬರುವ ಅಮಾವಾಸ್ಯೆಗೆ ಯಾರು ಓದುತ್ತೀರಿ, ಯಾವ ಅಜ್ಜಿಯನ್ನು ಕೈಹಿಡಿದು ಕರೆತರುತ್ತೀರಿ ಎಂಬುದನ್ನು ಇಂದೇ ನಿಶ್ಚಯಿಸಿ ಗುರುಗಳಿಗೆ ತಿಳಿಸಿರಿ.