ಅಜ್ಜಿಯ ಕಾವಲಿ ಮತ್ತು ತುಕ್ಕು
(ಮಹಿಳಾ ವೇದಿಕೆಯಲ್ಲಿ ಆಡಿದ ಮಾತಿನ ಬರಹ ರೂಪ)

ಆಫೀಸಿನಲ್ಲಿ ದಿನವಿಡೀ ಕೋಡ್ ನೋಡುವವಳು ತುಕ್ಕಿನ ಬಗ್ಗೆ ಮಾತಾಡುತ್ತೇನೆ ಎಂದಾಗ ವೇದಿಕೆಯ ಗೆಳತಿಯರೇ ನಕ್ಕರು. ಆದರೆ ಪುಣೆಯ ಮಳೆಗಾಲ ಮುಗಿದಾಗ ಬಾಲ್ಕನಿಯ ಮೂಲೆಯಲ್ಲಿ ಕೆಂಪಾಗಿ ಕೂತ ಕಬ್ಬಿಣದ ಸಾಮಾನು ನಿಮ್ಮ ಮನೆಯಲ್ಲೂ ಇದ್ದೀತು.

ಸಾಗರದ ಹತ್ತಿರದ ಅಜ್ಜಿ ಮನೆ ಖಾಲಿ ಮಾಡಿದಾಗ ನಾನು ಎರಡೇ ವಸ್ತು ಕೇಳಿ ತಂದೆ: ದೋಸೆ ಕಾವಲಿ ಮತ್ತು ಮೆಟ್ಟುಗತ್ತಿ, ಅಂದರೆ ಈಳಿಗೆಮಣೆ. ತಂದವಳು ಪೆಟ್ಟಿಗೆ ಬಿಚ್ಚಲೇ ಇಲ್ಲ. ಎರಡು ಮಳೆಗಾಲ ಕಳೆದವು. ಅಮ್ಮ ಬಂದಾಗ ನೋಡಿ, "ಗುಜರಿಗೆ ಹಾಕು ಮಾರಾಯ್ತಿ. ಅಜ್ಜಿ ಇದ್ದಿದ್ರೆ ಬೈತಿದ್ರು" ಎಂದರು. ಆ ಮಾತು ಚುಚ್ಚಿತು.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು. ಅದು ಹಕ್ಕಳೆಯಾಗಿ ಉದುರುತ್ತದೆ, ಒಳಗಿನ ಕಬ್ಬಿಣವನ್ನು ಕಾಪಾಡುವುದಿಲ್ಲ. ಹುಣಸೆ, ನಿಂಬೆ, ವಿನೆಗರ್‌ಗಳ ಹುಳಿ ಈ ತುಕ್ಕನ್ನು ಕರಗಿಸುತ್ತದೆ. ಆದರೆ ತುಕ್ಕು ಮುಗಿದ ಮೇಲೂ ಹುಳಿ ಸುಮ್ಮನಿರುವುದಿಲ್ಲ, ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ.

ಇದು ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಮೆಟ್ಟುಗತ್ತಿಯ ಅಲಗನ್ನು ಬಿಳಿ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಒಂದು ರಾತ್ರಿ ಸಾಕಿತ್ತು. ಆಫೀಸಿನಲ್ಲಿ ರಿಲೀಸ್ ಇತ್ತು, ಮೂರು ದಿನ ಮರೆತೇಬಿಟ್ಟೆ. ತೆಗೆದಾಗ ಅಲಗು ಕಪ್ಪಾಗಿ, ಸಿಡುಬಿನ ಕಲೆಯಂತೆ ಗುಳಿಬಿದ್ದಿತ್ತು. ಸಾಣೆ ಹಿಡಿಸಿದರೂ ಮೊದಲಿನ ಅಂಚು ಬರಲಿಲ್ಲ.

ಕಾವಲಿಗೆ ಅವಸರ ಮಾಡಲಿಲ್ಲ. ಮೊದಲು ಕಲ್ಲುಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಆಮೇಲೆ ಗಟ್ಟಿ ಹುಣಸೆರಸ ಬಳಿದು ಅರ್ಧ ಗಂಟೆ ಬಿಟ್ಟು ಮತ್ತೆ ತಿಕ್ಕಿದೆ. ಹೀಗೆ ಮೂರು ಸಲ. ಕೊನೆಗೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದೆ, ಉಳಿದ ಹುಳಿ ಅಲ್ಲಿಗೆ ಮುಗಿಯುತ್ತದೆ. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ ಒಲೆಯ ಮೇಲಿಟ್ಟು ಒಣಗಿಸಬೇಕು. ಹಸಿ ಬಿಟ್ಟರೆ ನಿಮ್ಮ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ಮುಂದಿನದು ಪಳಗಿಸುವುದು. ಬಿಸಿ ಕಾವಲಿಗೆ ತೆಳ್ಳಗೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಸಣ್ಣಗೆ ಹೊಗೆ ಬರುವವರೆಗೆ ಕಾಯಿಸಿ ಆರಿಸಿ. ನಾಲ್ಕೈದು ಸಲ ಮಾಡಿದರೆ ಎಣ್ಣೆ ಗಟ್ಟಿ ಪದರವಾಗಿ ಕಾವಲಿ ಕಪ್ಪಗೆ ಮಿಂಚುತ್ತದೆ. ಕಿಟಕಿ ತೆರೆದಿರಲಿ.

ಕೆಲವು ಎಚ್ಚರಿಕೆ. ಶೌಚಾಲಯದ ಆಸಿಡ್ ಬೇಡವೇ ಬೇಡ. ವಿನೆಗರ್ ಜೊತೆ ಬ್ಲೀಚ್ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಅಲ್ಯೂಮಿನಿಯಂ, ಸತುವಿನ ಲೇಪವಿರುವ ಸಾಮಾನನ್ನು ಹುಳಿಯಲ್ಲಿ ನೆನೆಸಬೇಡಿ. ಹೊಲಿಗೆ ಯಂತ್ರವನ್ನು ಇಡಿಯಾಗಿ ಮುಳುಗಿಸಬೇಡಿ, ತುಕ್ಕು ಹಿಡಿದ ಭಾಗವನ್ನಷ್ಟೇ ಬಿಚ್ಚಿ ನೆನೆಸಿ, ಒಣಗಿಸಿ, ಮಷಿನ್ ಎಣ್ಣೆ ಹಾಕಿ.

ಮೊದಲ ದೋಸೆ ಅಂಟಿಕೊಂಡಿತು. ವೀಡಿಯೋ ಕರೆಯಲ್ಲಿ ನೋಡುತ್ತಿದ್ದ ಅಮ್ಮ, "ಅರ್ಧ ಈರುಳ್ಳಿ ಎಣ್ಣೇಲಿ ಅದ್ದಿ ಉಜ್ಜು, ಅಜ್ಜಿ ಹಾಗೇ ಮಾಡೋರು" ಎಂದರು. ಮೂರನೆಯದು ಗರಿಗರಿಯಾಗಿ ಎದ್ದು ಬಂತು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮೆಟ್ಟುಗತ್ತಿನೂ ಗುಜರಿಗೆ ಹಾಕ್ಬೇಡ" ಎಂದರು.

ಹಾಕಿಲ್ಲ. ಗುಳಿಬಿದ್ದ ಅಲಗಿಗೆ ಎಣ್ಣೆ ಸವರಿ ಅಡುಗೆಮನೆಯಲ್ಲೇ ಇಟ್ಟಿದ್ದೇನೆ. ನಿಮ್ಮ ಬಾಲ್ಕನಿಯಲ್ಲೂ ಬಿಚ್ಚದ ಪೆಟ್ಟಿಗೆ ಇದ್ದರೆ, ಈ ಭಾನುವಾರವೇ ಬಿಚ್ಚಿ ನೋಡಿ.